ಮದ್ದಳೆ ಇಲ್ಲದ ಪದ್ಯ

ಮದ್ರಾಸಿನಲ್ಲಿ, ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹೋಟೆಲು ಇಡುವವರಿಗೆ ನಾನು ಹೇಳುವ ಮೊದಲ ಬುದ್ಧಿಮಾತು, ಭಾನುವಾರದ ವ್ಯಾಪಾರವನ್ನು ನಂಬಬೇಡಿ. ಕಾರ್ಖಾನೆಗಳಿಗೆ ಬೀಗ ಬಿದ್ದ ದಿನ ಅಲ್ಲಿ ದೋಸೆ ತಿನ್ನಲು ಬರುವವರು ವಾಚ್‌ಮನ್‌ಗಳು ಮಾತ್ರ. ಹೋಟೆಲನ್ನು ಲೀಸಿಗೆ ಹಿಡಿದ ಮೊದಲ ವರ್ಷ ನಾನು ಭಾನುವಾರವೂ ಹಿಟ್ಟು ರುಬ್ಬಿಸಿ ಕೈಸುಟ್ಟುಕೊಂಡೆ. ಎರಡನೆಯ ವರ್ಷದಿಂದ ಮಧ್ಯಾಹ್ನದ ಊಟ ಮುಗಿದದ್ದೇ ಶಟರನ್ನು ಅರ್ಧಕ್ಕೆ ಎಳೆದುಬಿಡುತ್ತಿದ್ದೆವು. ಆಮೇಲೆ ಮೂರರಿಂದ ಐದು ಗಂಟೆಯವರೆಗೆ ಒಳಗೆ ಕೂತು ಯಕ್ಷಗಾನದ ಪದ್ಯ ಕೇಳುವುದು.

ಬರುತ್ತಿದ್ದವರು ಏಳೆಂಟು ಮಂದಿ, ಎಲ್ಲರೂ ಕರಾವಳಿಯವರು. ಹೆಚ್ಚಿನವರು ಸುತ್ತಲಿನ ಹೋಟೆಲುಗಳ ಸಪ್ಲೈಯರ್‌ಗಳು, ಅಡುಗೆಯವರು. ಓದಿದವರೆಂದರೆ ಅಡ್ಯಾರಿನಿಂದ ಬರುತ್ತಿದ್ದ ಬ್ಯಾಂಕಿನ ಗುಮಾಸ್ತರೊಬ್ಬರೇ. ಅವರು ರಜೆಗೆ ಊರಿಗೆ ಹೋದಾಗಲೆಲ್ಲ ಟೇಪ್‌ರೆಕಾರ್ಡರನ್ನು ಆಟದ ರಂಗಸ್ಥಳದ ಬುಡದಲ್ಲಿಟ್ಟು ತುಂಬಿಸಿಕೊಂಡು ಬಂದ ಕ್ಯಾಸೆಟ್ಟುಗಳೇ ನಮ್ಮ ಆಸ್ತಿ. ಭಾಗವತರು ಬೇಕಾದಷ್ಟು ಜನ ಇದ್ದಾರೆ. ನಾವು ಕೇಳುತ್ತಿದ್ದದ್ದು ಒಬ್ಬರನ್ನೇ. ಅವರು ಹಾಡಿದ ಮೇಲೆ ಇನ್ನೊಬ್ಬರ ಕ್ಯಾಸೆಟ್ ಹಾಕಿದರೆ ಪಾಯಸದ ಮೇಲೆ ಮಜ್ಜಿಗೆ ಬಡಿಸಿದ ಹಾಗೆ ಎನ್ನುತ್ತಿದ್ದರು ಗುಮಾಸ್ತರು.

ಆ ಕ್ಯಾಸೆಟ್ಟುಗಳಲ್ಲಿ ಒಂದನ್ನು ನಾವು ತಿಂಗಳಿಗೊಮ್ಮೆಯಾದರೂ ಹಾಕುತ್ತಿದ್ದೆವು. ಕಾಡಿನಲ್ಲಿ ಒಂಟಿಯಾದ ರಾಣಿಯೊಬ್ಬಳು ಗಂಡನನ್ನು ಹುಡುಕುತ್ತಾ ಮರಗಳನ್ನು ಕೇಳುವ ಪದ್ಯ. ನಮ್ಮ ಭಾಗವತರ ಗುರುಗಳು ಹಾಡಿ ಹೆಸರಾಗಿದ್ದ ಪದ್ಯವದು. ಗುರುಗಳು ತೀರಿಹೋದ ಮೇಲೆ ಇವರು ಅದನ್ನು ಇನ್ನೂ ನಿಧಾನಕ್ಕಿಳಿಸಿ ತಮ್ಮದಾಗಿ ಮಾಡಿಕೊಂಡರು. ಒಂದೊಂದು ಮರದ ಹೆಸರಿಗೂ ನಿಲ್ಲುತ್ತಾರೆ. ನಿಂತಲ್ಲಿ ಮದ್ದಳೆ ಎರಡೇ ಎರಡು ಪೆಟ್ಟು ಹಾಕಿ ಸುಮ್ಮನಾಗುತ್ತದೆ, ಮರ ಉತ್ತರ ಕೊಡಲಿಲ್ಲ ಎಂಬಂತೆ. ಪದ್ಯ ಮುಗಿದಾಗ ಮೈಕಿಗೆ ತೀರ ಹತ್ತಿರದಿಂದ ಭಾಗವತರು ಮೆಲ್ಲಗೆ ಹೇಳುವುದು ಕೇಳುತ್ತದೆ, "ಅಡ್ಡಿಲ್ಲ ಮಾಣಿ."

ಆ ಮಾಣಿ, ಮದ್ದಳೆ ಬಾರಿಸಿದ ಆ ಹುಡುಗ, ಈಗ ನನ್ನ ಹೋಟೆಲಿನ ಅಡುಗೆಯವ. ನನ್ನ ಊರಿನ ಗೆಳೆಯ, ಶಾಲೆಯಲ್ಲಿ ನನ್ನ ಬೆಂಚಿನವ. ಮೂರು ವರ್ಷ ಆ ಭಾಗವತರ ಮೇಳದಲ್ಲಿ ಮದ್ದಳೆ ಬಾರಿಸಿದ್ದ. ಮೇಳಕ್ಕೆ ತಿರುಗಾಟ ಇರುವುದು ಆರು ತಿಂಗಳು, ಮಳೆಗಾಲದಲ್ಲಿ ಸಂಬಳವಿಲ್ಲ. ಅವನ ಅಪ್ಪ ಸತ್ತಾಗ, ಮದ್ದಳೆ ಹೊಡೆದರೆ ಹೊಟ್ಟೆ ತುಂಬುವುದಿಲ್ಲ, ಬಾ ಎಂದು ಕಾಗದ ಬರೆದು ಮದ್ರಾಸಿಗೆ ಕರೆಸಿಕೊಂಡವನು ನಾನೇ. ಒಳ್ಳೆಯ ಸಲಹೆ ಕೊಟ್ಟೆನೆಂದು ಬಹಳ ವರ್ಷ ತಿಳಿದುಕೊಂಡಿದ್ದೆ. ಅವನು ತನ್ನ ಮದ್ದಳೆಯನ್ನೂ ತಂದಿದ್ದ. ಹಳೆಯ ಪಂಚೆಯಲ್ಲಿ ಸುತ್ತಿ ಕೆಲಸದವರ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದ್ದ. ಭಾನುವಾರ ಆ ಕ್ಯಾಸೆಟ್ ಹಾಕಿದಾಗ ಎಲ್ಲರೂ ಒಮ್ಮೆ ಅವನ ಮುಖ ನೋಡುತ್ತಿದ್ದರು. ಅವನು ಮಾತ್ರ ಉದ್ದಿನಬೇಳೆಯಲ್ಲಿ ಕಲ್ಲು ಆರಿಸುವ ನಾಟಕ ಮಾಡುತ್ತಿದ್ದ.

ನಾನು ಪ್ಲೇಟು ತೊಳೆಯುವುದರಿಂದ ಶುರು ಮಾಡಿ ಮೇಲೆ ಬಂದವನು. ಮಧ್ಯೆ ಏಳು ವರ್ಷ ನಾಲ್ಕು ಹೋಟೆಲುಗಳಿಗೆ ತರಕಾರಿ ಖರೀದಿ ಮಾಡಿಕೊಡುತ್ತಿದ್ದೆ. ಮಾತಾಡಿ ಕುದುರಿಸುವುದೇ ನನ್ನ ವಿದ್ಯೆ. ಅದರಲ್ಲಿ ಎರಡು ಸೂತ್ರ. ಒಂದು, ಕೊನೆಗೆ ಎದುರಿನವನಿಗೆ ಏನಾದರೂ ಒಂದನ್ನು ಗೆಲ್ಲಲು ಬಿಡಬೇಕು. ನಮಗೆ ಖರ್ಚಿಲ್ಲದ್ದನ್ನು ನೋಡಿ ಬಿಡಬೇಕು. ಎರಡು, ಇಬ್ಬರ ನಡುವೆ ನಿಂತು ವ್ಯವಹಾರ ಮಾಡುವಾಗ 'ಇಲ್ಲ' ಎಂಬ ಮಾತು ನಮ್ಮ ಬಾಯಲ್ಲಿ ಬರಬಾರದು. ಈಚೆಯವನಿಗೆ ಆಚೆಯವನು ಒಪ್ಪಲಿಲ್ಲ ಅನ್ನಬೇಕು, ಆಚೆಯವನಿಗೆ ಈಚೆಯವನು. ಇಬ್ಬರೂ ನಮ್ಮ ಮೇಲೆ ಸಿಟ್ಟಾಗುವುದಿಲ್ಲ, ವ್ಯವಹಾರ ಕುದುರುತ್ತದೆ. ಇದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ ಸುಳ್ಳು ಹೇಳುತ್ತಿದ್ದೇನೆ ಎಂದೇ ಅನ್ನಿಸುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ಭಕ್ತಿಗೀತೆಗಳ ಕ್ಯಾಸೆಟ್ ಮಾಡುವ ಕಂಪನಿಯೊಂದರ ಮ್ಯಾನೇಜರು ನಮ್ಮಲ್ಲಿ ಕಾಫಿಗೆ ಬರುತ್ತಿದ್ದ. ತಮಿಳಿನವನು, ಮಾತಿನಲ್ಲಿ ನನಗೆ ಸರಿಜೋಡಿ. ಕನ್ನಡಕ್ಕೆ ಒಂದು ಹೊಸ ಬಗೆಯ ಸಿ.ಡಿ. ಮಾಡುತ್ತಿದ್ದೇವೆ, ಹಳೆಯ ಜಾನಪದ ಪದಗಳಿಗೆ ಹೊಸ ಮ್ಯೂಸಿಕ್ಕು, ಹಳ್ಳಿಯ ಗಟ್ಟಿ ಗಂಟಲೊಂದು ಬೇಕು ಎಂದ. ನನ್ನ ತಲೆಯಲ್ಲಿ ದೀಪ ಹತ್ತಿತು. ಭಾಗವತರು ಆಗ ಮೇಳ ಬಿಟ್ಟು ಮೂರು ವರ್ಷವಾಗಿತ್ತು. ಮೇಳದಿಂದ ಪಿಂಚಣಿ ಬರುವುದಿಲ್ಲ. ಅವರ ಹೆಂಡತಿಯ ಕಣ್ಣಿನ ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು.

ಊರಿಗೆ ಹೋದವನು ಅವರ ಮನೆಗೆ ನಡೆದೆ. ಜಗಲಿಯಲ್ಲಿ ಕೂರಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಹೊಸ ಮ್ಯೂಸಿಕ್ಕು ಎಂದದ್ದಕ್ಕೆ ನಕ್ಕರು. ಪೇಟೆಯವರ ಜೊತೆ ಮಾತಾಡಲು ತಮಗೆ ಬಾರದು, ನೀನೇ ಮಾತಾಡು ಎಂದರು. ಗುರುಗಳ ಪದ್ಯ ಹಾಡಿಸುತ್ತಾರಾದರೆ ಬರುತ್ತೇನೆ ಎಂದರು. ನಾನು ಎದ್ದಾಗ ಇನ್ನೊಂದು ಹೇಳಿದರು.

"ಮದ್ದಳೆಗೆ ನಮ್ಮ ಮಾಣಿಯೇ ಆಗ್ಬೇಕು. ಅವ ನಿನ್ನ ಹೋಟೆಲಿನಲ್ಲೇ ಇದ್ದಾನಲ್ಲ? ಅವ ಇಲ್ಲದೆ ಆ ಪದ್ಯಕ್ಕೆ ನಾನು ಬಾಯಿ ಹಾಕುವುದಿಲ್ಲ."

ಅದಕ್ಕೇನು, ಆಯಿತು ಎಂದುಬಿಟ್ಟೆ.

ಗಿಂಡಿಗೆ ಬಂದು ಸುದ್ದಿ ಹೇಳಿದಾಗ ಗೆಳೆಯ ಸೌಟು ಹಿಡಿದುಕೊಂಡೇ ನಿಂತ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮಾರನೆಯ ದಿನ ಮಧ್ಯಾಹ್ನ ಮದ್ದಳೆಯನ್ನು ಹೆಗಲಿಗೇರಿಸಿ ಮೈಲಾಪುರದಲ್ಲಿ ಮೃದಂಗ ರಿಪೇರಿ ಮಾಡುವವನ ಬಳಿಗೆ ಹೋದ. ಇದು ಮೃದಂಗವೂ ಅಲ್ಲ, ಬೇರೆ ಏನೂ ಅಲ್ಲ ಎಂದು ಆ ಮನುಷ್ಯ ನಕ್ಕನಂತೆ. ಇವನು ಪಕ್ಕದಲ್ಲೇ ಕೂತು ಹೇಳಿಕೊಟ್ಟು ಹೊಸ ಚರ್ಮ ಬಿಗಿಸಿಕೊಂಡು ಬಂದ. ಆ ಎರಡು ವಾರ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿನ ನಡುವೆ ಮುಚ್ಚಳಗಳ ಮೇಲೆ ಬೆರಳಾಡುವುದು ಕೇಳುತ್ತಿತ್ತು. ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು. ಗಿರಾಕಿಗಳು ದೂರಿದರು, ನಾನು ಗದರಿದೆ.

"ಸಾವ್ಕಾರ್ರು ಬೈತಾರೆ ಮಾರಾಯ, ಇವತ್ತು ಉಪ್ಪು ನೀನೇ ಹಾಕು," ಎಂದು ಚಟ್ನಿ ರುಬ್ಬುವವನ ಹತ್ತಿರ ಹೇಳಿ ನನ್ನ ಕಡೆ ನೋಡಿ ನಗುತ್ತಿದ್ದ. ಅವನು ನನ್ನನ್ನು ಸಾವ್ಕಾರ್ರು ಅನ್ನುತ್ತಿದ್ದದ್ದು ಖುಷಿಯಲ್ಲಿದ್ದಾಗ ಮಾತ್ರ.

ಮಾತುಕತೆ ನಡೆದದ್ದು ಅಡ್ಯಾರಿನ ಕಂಪನಿಯ ಆಫೀಸಿನಲ್ಲಿ. ಮ್ಯಾನೇಜರು ಹೇಳಿದ ಸಂಭಾವನೆ ತೀರ ಕಡಿಮೆಯಿತ್ತು. ನಾನು ಎದ್ದೆ, ಕೂತೆ, ಇಂಥ ಗಂಟಲು ನಿಮಗೆ ಕಾವೇರಿಯಿಂದ ಈಚೆ ಸಿಗುವುದಿಲ್ಲ ಎಂದೆ. ಎರಡು ಗಂಟೆಯಲ್ಲಿ ಅವನನ್ನು ಮೂರು ಪಟ್ಟಿಗೆ ತಂದು ನಿಲ್ಲಿಸಿದೆ. ಅಲ್ಲಿಗೆ ಬಂದಾಗ ಅವನ ಮುಖ ಕೆಂಪಾಗಿತ್ತು. ಅವನಿಗೂ ಏನಾದರೂ ಗೆಲ್ಲಬೇಕಿತ್ತು. ಹಾಗಾದರೆ ಪಕ್ಕವಾದ್ಯದವರು ಯಾರೂ ಬೇಡ, ತಾಳವೆಲ್ಲ ಮಿಷನ್ನಿನಲ್ಲಿ ಕೂಡಿಸುತ್ತೇವೆ, ಊರಿನ ಡ್ರಮ್ಮುಗಳನ್ನು ರೆಕಾರ್ಡಿಂಗ್ ಥಿಯೇಟರಿನೊಳಗೆ ಬಿಡುವುದಿಲ್ಲ ಎಂದ.

ನಾನು ಒಂದು ಕ್ಷಣ ಸುಮ್ಮನಿದ್ದೆ. ಸುಮ್ಮನಿದ್ದದ್ದು ಗೆಳೆಯನನ್ನು ನೆನೆದು ಎಂದು ಬರೆದುಕೊಳ್ಳಬಹುದಿತ್ತು. ನಿಜವೆಂದರೆ, ಬೇಗ ಒಪ್ಪಿದರೆ ಅವನಿಗೆ ಗೆದ್ದೆ ಅನ್ನಿಸುವುದಿಲ್ಲ ಎಂದು ಸುಮ್ಮನಿದ್ದೆ. ಮದ್ದಳೆ ಬಿಡುವುದರಿಂದ ಯಾರಿಗೂ ಏನೂ ಖರ್ಚಿಲ್ಲ, ಭಾಗವತರ ಮನೆಯಲ್ಲಿ ಕಣ್ಣಿನ ಆಪರೇಷನ್ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಆಗಲಿ ಎಂದು ಕೈ ಕುಲುಕಿದೆ.

ಇನ್ನು ಇಬ್ಬರಿಗೆ 'ಇಲ್ಲ' ಹೇಳಬೇಕಿತ್ತು. ಕಂಪನಿಯವರು ಬಿಡಲಿಲ್ಲ ಎಂದರೆ ಭಾಗವತರು ಹೊರಡುವುದಿಲ್ಲ, ಅವರು ಹೊರಡುವುದಿಲ್ಲ ಎಂದರೆ ಇಷ್ಟು ಕಷ್ಟಪಟ್ಟು ಕುದುರಿಸಿದ್ದು ಮುರಿಯುತ್ತದೆ. ಅವರ ಊರಿನ ಅಂಗಡಿಗೆ ಫೋನು ಮಾಡಿ ಕರೆಸಿದೆ. ಮಾಣಿಯ ಬಲಗೈ ಎಣ್ಣೆ ಬಿದ್ದು ಸುಟ್ಟಿದೆ, ಬೆರಳು ಮಡಚುವುದಿಲ್ಲ, ಅವನಿಗೆ ಇನ್ನು ಬಾರಿಸಲು ಆಗುವುದಿಲ್ಲ ಎಂದೆ. ಎಸ್‌ಟಿಡಿ ಬೂತಿನ ಮೀಟರು ಓಡುತ್ತಿತ್ತು. ಆಮೇಲೆ, ಹಾಗಾದರೆ ಯಾವ ದಿನ ಬರಬೇಕು ಎಂದು ಕೇಳಿದರು.

ಗೆಳೆಯನಿಗೆ ಹೇಳಲು ನಾನು ಅಡುಗೆಮನೆಗೆ ಹೋದಾಗ ಅವನು ತೆಂಗಿನಕಾಯಿ ಒಡೆಯುತ್ತಿದ್ದ. ಭಾಗವತರೇ ಬೇಡ ಅಂದರು ಎಂದೆ. ಈಗಿನ ಹಾಡಿಗೆ ಮಿಷನ್ನು ಸಾಕು, ಹಳೆಯದೆಲ್ಲ ಯಾಕೆ ಅಂದರು ಎಂದೆ.

"ಅವರೇ ಅಂದ್ರಾ?"

"ಅವರೇ."

"ನನ್ನ ಹೆಸರು ಎತ್ತಿದ್ಯಾ ನೀನು?"

"ಎತ್ತದೆ ಇರ್ತೇನಾ ಮಾರಾಯ."

ಅವನು ಕಾಯಿಯ ನೀರನ್ನು ಲೋಟಕ್ಕೆ ಬಸಿದು ನನ್ನ ಕೈಗೆ ಕೊಟ್ಟ.

ಭಾಗವತರು ರೆಕಾರ್ಡಿಂಗಿಗೆ ಬಂದು ವಡಪಳನಿಯ ಲಾಡ್ಜೊಂದರಲ್ಲಿ ಎರಡು ದಿನ ಇದ್ದರು. ಹೊರಗಿನ ಸಾಂಬಾರು ತಿಂದರೆ ಗಂಟಲು ಕೆಡುತ್ತದೆ ಎಂದು ಗೆಳೆಯ ತಾನಾಗಿಯೇ ಗಂಜಿ, ಕಾಳುಮೆಣಸಿನ ಸಾರು, ಸುಟ್ಟ ಹಪ್ಪಳ ಮಾಡಿ ಕ್ಯಾರಿಯರಿನಲ್ಲಿ ಕಟ್ಟಿಕೊಟ್ಟ. ನೀನೇ ತೆಗೆದುಕೊಂಡು ಹೋಗುತ್ತೀಯಾ ಎಂದು ನಾನು ಕೇಳಲಿಲ್ಲ, ಅವನೂ ಬರುತ್ತೇನೆ ಎನ್ನಲಿಲ್ಲ. ಭಾಗವತರು ಊಟ ಮಾಡಿ ಕೈ ತೊಳೆದು, ಆ ಹುಡುಗನನ್ನು ಒಮ್ಮೆ ಕಂಡು ಹೋಗುತ್ತಿದ್ದೆ ಎಂದರು. ಅವನಿಗೆ ಸುಟ್ಟ ಕೈ ತೋರಿಸಲು ನಾಚಿಕೆ ಎಂದು ನಾನು ಹೇಳಿದೆ. ಒಂದು ಸುಳ್ಳಿಗೆ ಇನ್ನೊಂದು ಗೂಟ ಬೇಕೇಬೇಕು. ಅವರು ಕ್ಯಾರಿಯರಿನ ಡಬ್ಬಿಗಳನ್ನು ತಾವೇ ತೊಳೆದು ಕೊಟ್ಟು ಎರಡನೆಯ ದಿನ ಸಂಜೆಯ ರೈಲು ಹತ್ತಿದರು.

ಮೂರು ತಿಂಗಳಾದ ಮೇಲೆ ಸಿ.ಡಿ. ಬಂತು. ಭಾನುವಾರ ಎಲ್ಲರೂ ಎರಡೂವರೆಗೇ ಬಂದು ಕೂತಿದ್ದರು. ನಮ್ಮ ಟೇಪ್‌ರೆಕಾರ್ಡರಿನಲ್ಲಿ ಸಿ.ಡಿ. ಹೋಗುವುದಿಲ್ಲವಾದ್ದರಿಂದ ಮನೆಯಿಂದ ಮಗಳನ್ನು ಪ್ಲೇಯರ್ ಸಮೇತ ಕರೆತಂದಿದ್ದೆ. ಅವಳಾಗ ಒಂಬತ್ತನೆಯ ಕ್ಲಾಸು.

ಶುರುವಿನಲ್ಲಿ ಗಿಟಾರು. ಆಮೇಲೆ ಹುಡುಗಿಯರ ಗುಂಪೊಂದು ಎರಡು ಸಾಲು ಕೂಗಿತು. ಅದರ ಹಿಂದೆ ಡಬ್ ಡಬ್ ಎಂದು ಮಿಷನ್ನು. ಅದರೊಳಗಿನಿಂದ ಭಾಗವತರ ದನಿ, ಜಾತ್ರೆಯ ಜನಜಂಗುಳಿಯಲ್ಲಿ ಕೈತಪ್ಪಿದ ಮುದುಕನ ಹಾಗೆ. ಅವರು ಮರದ ಹೆಸರಿಗೆ ನಿಲ್ಲಲು ಹೋಗುವಷ್ಟರಲ್ಲಿ ಮುಂದಿನ ಪೆಟ್ಟು ಬಂದು ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ಹಾಡಿನಲ್ಲಿ ಎಲ್ಲೂ ಮರ ಸುಮ್ಮನಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಇಪ್ಪತ್ತು ನಿಮಿಷ ಅಳುತ್ತಿದ್ದ ರಾಣಿ ಇಲ್ಲಿ ನಾಲ್ಕೇ ನಿಮಿಷದಲ್ಲಿ ಕಾಡು ದಾಟಿಬಿಟ್ಟಳು.

ಗೆಳೆಯನ ಬೆರಳು ಮೇಜಿನ ಮೇಲೆ ಜಾಗ ಹುಡುಕುತ್ತಿತ್ತು. ಮೊದಲ ಮರದಲ್ಲಿ ಸಿಗಲಿಲ್ಲ, ಎರಡನೆಯದರಲ್ಲೂ ಸಿಗಲಿಲ್ಲ. ಆಮೇಲೆ ಅವನು ಕೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ.

ಹಾಡು ಮುಗಿಯಿತು. "ನಲ್ಲಾ ಇರುಕ್ಕೇ ಅಪ್ಪಾ," ಎಂದಳು ಮಗಳು, ಚೆನ್ನಾಗಿದೆಯಲ್ಲ ಎಂದು. ಅವಳು ನಿಜವಾಗಿಯೇ ಹೇಳಿದ್ದಳು, ಇನ್ನೊಮ್ಮೆ ಹಾಕಲೇ ಎಂದೂ ಕೇಳಿದಳು. ಬೇಡ ಎಂದು ಮನೆಗೆ ಕಳುಹಿಸಿದೆ.

ಅವಳು ಹೋದದ್ದೇ ಕಟ್ಟೆ ಒಡೆಯಿತು. ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿಗೆ ಇವರನ್ನು ಯಾಕೆ ಕರೆಸಬೇಕಿತ್ತು ಎಂದ ಒಬ್ಬ. ಗುರುಗಳ ತಿಥಿಯೂಟವನ್ನು ಬಫೆಯಲ್ಲಿ ಬಡಿಸಿದ ಹಾಗಾಯಿತು ಎಂದ ಇನ್ನೊಬ್ಬ. ತಾಂಬರಂನಿಂದ ಬರುತ್ತಿದ್ದ ವಯಸ್ಸಾದ ಸಪ್ಲೈಯರೊಬ್ಬ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡ. ಮನುಷ್ಯರು ಸತ್ತರೆ ಕ್ಯಾಸೆಟ್ಟಾದರೂ ಉಳಿಯುತ್ತದೆ, ಇವರು ಬದುಕಿರುವಾಗಲೇ ಕ್ಯಾಸೆಟ್ಟನ್ನು ಕೊಂದರು ಎಂದ. ಗುಮಾಸ್ತರು ಮಾತ್ರ ತಣ್ಣಗೆ, ನಾವು ಸುಮ್ಮನಿದ್ದರೆ ಅವರು ಇನ್ನೊಂದು ಮಾಡುತ್ತಾರೆ, ಕಾಗದ ಬರೆಯೋಣ ಎಂದರು. ಅಲ್ಲೇ ಕೂತು ಬರೆದರು. ಒಳ್ಳೆಯ ಕನ್ನಡದಲ್ಲಿ ಬರೆದ ಕೆಟ್ಟ ಕಾಗದ ಅದು. ಇಪ್ಪತ್ತು ವರ್ಷ ನಿಮ್ಮ ದನಿಯನ್ನು ಉಂಡು ಬದುಕಿದವರು ನಾವು, ನಮ್ಮ ಅನ್ನಕ್ಕೆ ಮಣ್ಣು ಹಾಕಿದಿರಿ, ದುಡ್ಡಿಗಾಗಿ ಗುರುವಿನ ಪದ್ಯವನ್ನು ಮಾರಿದಿರಿ ಎಂದೆಲ್ಲ ಇತ್ತು.

ಒಬ್ಬೊಬ್ಬರಾಗಿ ಸಹಿ ಹಾಕಿದರು. ನಾನು ಹಾಕಲಿಲ್ಲ. ಮಾತುಕತೆ ಮಾಡಿದವನು ನಾನು, ಕಂಪನಿಯವರಿಗೆ ಗೊತ್ತಾದರೆ ಸರಿಯಲ್ಲ ಎಂದೆ. ಎಲ್ಲರೂ ಒಪ್ಪಿದರು. ಕಾಗದ ಗೆಳೆಯನ ಮುಂದೆ ಬಂತು.

"ಸ್ವರ ಹಾಗೇ ಉಂಟಲ್ಲ," ಎಂದ ಅವನು, ಯಾರಿಗೆಂದಲ್ಲ. ಸ್ವಲ್ಪ ಹೊತ್ತು ಪೆನ್ನನ್ನು ಹಿಡಿದೇ ಇದ್ದ. "ಬೇಡ ಅಂದದ್ದು ಅವರೇ ಅಲ್ವಾ. ಹಾಕುವ." ಕೊನೆಯಲ್ಲಿ ಪೂರ್ತಿ ಹೆಸರು ಬರೆದ, ದೊಡ್ಡ ಅಕ್ಷರದಲ್ಲಿ.

ಆಗ ಬಾಯಿ ಬಿಟ್ಟಿದ್ದರೆ ಕಾಗದವೊಂದನ್ನು ಹರಿದು ಹಾಕುವುದರಲ್ಲಿ ಮುಗಿಯುತ್ತಿತ್ತು. ಏಳು ಜನರ ಮುಂದೆ ಮರ್ಯಾದೆ ಹೋಗುತ್ತಿತ್ತು, ಅಷ್ಟೇ. ಮರ್ಯಾದೆಯನ್ನು ಮತ್ತೆ ಸಂಪಾದಿಸಬಹುದು ಎಂದು ಇನ್ನೊಬ್ಬರಿಗೆ ಹೇಳುವವನು ನಾನು ಎದ್ದು ಎಲ್ಲರಿಗೂ ಕಾಫಿ ಹಾಕಿಸಲು ಹೋದೆ. ಕಾಗದವನ್ನು ಸೋಮವಾರ ಗುಮಾಸ್ತರು ಪೋಸ್ಟು ಮಾಡಿದರು.

ಹದಿನೈದು ದಿನಕ್ಕೆ ಗೆಳೆಯನ ಹೆಸರಿಗೆ ಒಂದು ಕಾರ್ಡು ಬಂತು. ಅವನು ಅದನ್ನು ಓದಿ, ಬೆಳಗಿನ ತಿಂಡಿಯ ಗಲಾಟೆಯೆಲ್ಲ ಮುಗಿಯುವವರೆಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಹನ್ನೊಂದು ಗಂಟೆಗೆ ಗಲ್ಲಾದ ಬಳಿ ಬಂದು ನನ್ನ ಮುಂದಿಟ್ಟ. ಅಕ್ಷರ ಭಾಗವತರದು, ಸ್ಪಷ್ಟವಾಗಿತ್ತು.

'ಚಿರಂಜೀವಿಗೆ ಆಶೀರ್ವಾದ. ನೀವೆಲ್ಲ ಬರೆದದ್ದು ತಲುಪಿತು. ಸರಿಯಾಗಿಯೇ ಬರೆದಿದ್ದೀರಿ. ಅದರಲ್ಲಿ ನಿನ್ನ ಸಹಿ ಕಂಡಿತು. ಎಣ್ಣೆ ಬಿದ್ದು ಬೆರಳು ಮಡಚುವುದಿಲ್ಲ ಎಂದು ಕೇಳಿ ಸಂಕಟವಾಗಿತ್ತು. ಬರೆಯುವಷ್ಟು ಗುಣವಾಯಿತಲ್ಲ, ಸಂತೋಷ. ನೀನು ಇಲ್ಲವೆಂದ ಮೇಲೆ ಹಿಂದೆ ಯಾವುದು ಬಾರಿಸಿದರೇನು ಎಂದು ಒಪ್ಪಿಬಿಟ್ಟೆ. ತಪ್ಪಾಯಿತು.'

ನಾನು ಎರಡು ಸಲ ಓದಿದೆ. ತಲೆ ಎತ್ತಿದಾಗ ಅವನು ಬಲಗೈಯನ್ನು ಗಲ್ಲಾದ ಮೇಲೆ ಅಂಗಾತ ಇಟ್ಟಿದ್ದ. ಉಗುರಿನ ಸಂದಿನಲ್ಲಿ ಅಕ್ಕಿಹಿಟ್ಟು ಒಣಗಿತ್ತು. ಐದೂ ಬೆರಳನ್ನು ಮಡಚಿದ, ಬಿಡಿಸಿದ.

"ನನ್ನ ಕೈಗೆ ಎಂತ ಆಗಿದೆ?"

ಆಪರೇಷನ್ನಿನ ವಿಷಯ ಶುರು ಮಾಡಿದೆ, ಮ್ಯಾನೇಜರನ ಹಟದ ವಿಷಯ ಹೇಳಿದೆ. ಅದೆಲ್ಲ ಸುಳ್ಳಲ್ಲ. ಆದರೆ ನನ್ನ ಕಿವಿಗೇ ಅದು ಕೊಳೆತ ಟೊಮೇಟೊವನ್ನು ಬುಟ್ಟಿಯ ತಳಕ್ಕೆ ಹಾಕಿ ಮಾರುವವನ ಮಾತಿನಂತೆ ಕೇಳಿಸಿತು. ಅವನು ಬೈಯುತ್ತಾನೆಂದು ಕಾದೆ. ಅವನು ಕಾರ್ಡನ್ನು ತೆಗೆದುಕೊಂಡು, "ಹಾಗಾದ್ರೆ ಅವರು ಬೇಡ ಅನ್ನಲಿಲ್ಲ," ಎಂದಷ್ಟೇ ಹೇಳಿದ. ಅದು ಪ್ರಶ್ನೆಯಾಗಿರಲಿಲ್ಲ. ಹತ್ತು ದಿನ ರಜೆ ಬೇಕೆಂದ. ಅಂದೇ ಮದ್ದಳೆಯನ್ನು ಹೆಗಲಿಗೇರಿಸಿ ಮಂಗಳೂರಿನ ರೈಲು ಹತ್ತಿದ.

ಆ ಹತ್ತು ದಿನ ನಾನು ಕೂತಲ್ಲಿ ಕೂರಲಿಲ್ಲ. ಅವರಿಬ್ಬರೂ ಜಗಲಿಯಲ್ಲಿ ಕೂತು ಒಮ್ಮೆ ಆ ಪದ್ಯವನ್ನು ಹೇಳಿದರೆ ಸಾಕು, ನನ್ನ ಪಾಪ ಅರ್ಧಕ್ಕಿಳಿಯುತ್ತದೆ ಎಂದು ದೇವರ ಜೊತೆಯಲ್ಲೂ ಚೌಕಾಸಿ ಮಾಡಿದೆ.

ಹನ್ನೊಂದನೆಯ ದಿನ ಅವನು ಬಂದ. ಹೆಗಲು ಖಾಲಿಯಿತ್ತು. ಭಾಗವತರು ಹಾಡುವುದನ್ನು ಬಿಟ್ಟಿದ್ದಾರೆ ಎಂದ. ಕಾಗದ ತಲುಪಿದ ದಿನವೇ ತಾಳವನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಕೋಣೆಯಲ್ಲಿ ಇಟ್ಟುಬಿಟ್ಟಿದ್ದಾರಂತೆ. ಇವನು ಮೂರು ದಿನ ಅಲ್ಲೇ ಉಳಿದು ಕೇಳಿಕೊಂಡನಂತೆ. ಅವರು ಇವನ ಕೈಯನ್ನು ಹಿಡಿದು ತಿರುಗಿಸಿ ಮಗುಚಿ ನೋಡಿ, ಗಾಯವೇ ಇಲ್ಲವಲ್ಲ ಎಂದರಂತೆ. ಯಾರು ಸುಳ್ಳು ಹೇಳಿದರೆಂದು ಕೇಳಲಿಲ್ಲವಂತೆ. ಮದ್ದಳೆಯನ್ನು ಅವರ ಮನೆಯಲ್ಲೇ ಬಿಟ್ಟು ಬಂದೆ ಎಂದ. ಇಷ್ಟನ್ನೂ ಅವನು ಅಕ್ಕಿ ತೊಳೆಯುತ್ತಾ ಹೇಳಿದ.

ಭಾನುವಾರ ಗುಮಾಸ್ತರು ಬಂದಾಗ ನಾನೇ ಎಲ್ಲರ ಮುಂದೆ ನಡೆದದ್ದನ್ನು ಹೇಳಿದೆ. ಯಾರೂ ಕೂಗಾಡಲಿಲ್ಲ. ಗುಮಾಸ್ತರು ಕ್ಯಾಸೆಟ್ಟುಗಳನ್ನು ಎಣಿಸಿ ಚೀಲಕ್ಕೆ ತುಂಬಿಕೊಂಡು ಹೋದರು. ಮುಂದಿನ ವಾರದಿಂದ ಯಾರೂ ಬರಲಿಲ್ಲ. ನಾನು ಭಾಗವತರಿಗೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತೆಂದು ಊರಿನವರಿಂದ ತಿಳಿಯಿತು. ಇನ್ನೊಂದು ಮಳೆಗಾಲದಲ್ಲಿ ಭಾಗವತರು ತೀರಿಕೊಂಡದ್ದೂ ಹಾಗೆಯೇ ತಿಳಿಯಿತು. ಅವರು ಮತ್ತೆ ಹಾಡಲಿಲ್ಲ.

ಅದಕ್ಕೂ ಮೊದಲೇ ಗೆಳೆಯ ಹೋಗಿದ್ದ. ಮದ್ರಾಸಿನ ಆ ತುದಿಯ ಮಣಲಿಯಲ್ಲಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿದೆ, ಅಲ್ಲಿಗೆ ಹೋಗುತ್ತೇನೆ ಎಂದು ಒಂದು ಸಂಜೆ ಟ್ರಂಕು ಕಟ್ಟಿಕೊಂಡು ಬಂದು ನಿಂತ. ಅಲ್ಲಿ ಏನು ಕೊಡುತ್ತಾರೋ ಅದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದು ನನ್ನ ಬಾಯಿಯಿಂದ ತಾನಾಗಿ ಹೊರಟಿತು.

"ಎಷ್ಟು ಕೊಡ್ತಿ ಅಂತ ಕೇಳ್ಲಿಕ್ಕೆ ಬಂದದ್ದಲ್ಲ," ಎಂದ. "ಹೇಳಿ ಹೋಗುವ ಅಂತ ಬಂದೆ."

ನಾನು ಟ್ರಂಕಿನ ಒಂದು ಹಿಡಿ ಹಿಡಿದು ಬಸ್‌ಸ್ಟಾಪಿನವರೆಗೆ ನಡೆದೆ. ಬಸ್ಸು ಬಂತು. ಪ್ಯಾರೀಸ್ ಕಾರ್ನರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿ, ನೇರ ಹೋಗುವುದಕ್ಕೆ ಕಾದರೆ ಕತ್ತಲಾಗುತ್ತದೆ ಎಂದೆ.

"ಗೊತ್ತುಂಟು," ಎಂದು ಅವನು ಟ್ರಂಕನ್ನು ನನ್ನ ಕೈಯಿಂದ ಬಿಡಿಸಿಕೊಂಡು ಹತ್ತಿದ.